ಅರ್ಧ ಎಣಿಕೆ ನುಂಗದ ಡ್ರೈವ್

ನನಗೆ ಐವತ್ತೆಂಟು ವರ್ಷ. ಈ ವಯಸ್ಸಿನಲ್ಲಿ ನಾನು ಕಂಪ್ಯೂಟರ್ ಬಿಡಿಭಾಗ ಹುಡುಕಿಕೊಂಡು ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳ ಮಹಡಿ ಮೆಟ್ಟಿಲು ಹತ್ತಿಳಿದದ್ದು ಹೊಸದೇನೋ ಕಲಿಯುವ ಆಸೆಯಿಂದಲ್ಲ. ಒಬ್ಬರ ಮಾನ ಕಳೆಯಬೇಕಿತ್ತು. ಅದಕ್ಕೆ ಒಂದು ಒಳ್ಳೆಯ ಸಿಡಿ ಡ್ರೈವ್ ಬೇಕಿತ್ತು.

ಇಪ್ಪತ್ತೆರಡು ವರ್ಷದ ಹಿಂದೆ, ಶಂಕರಪುರದ ಒಂದು ರಾಮನವಮಿ ಪೆಂಡಾಲಿನಲ್ಲಿ ನಾನು ಮೃದಂಗಕ್ಕೆ ಕೂತಿದ್ದೆ. ಹಾಡಿದವರು ದೊಡ್ಡ ವಿದ್ವಾಂಸರು. ಹೆಂಗಸು ಮೃದಂಗ ನುಡಿಸಿದರೆ ತಾವು ಹಾಡುವುದಿಲ್ಲ ಎಂದು ಹಟ ಹಿಡಿದಿದ್ದವರು, ನುಡಿಸಬೇಕಾದವರಿಗೆ ಜ್ವರ ಬಂದು ವಿಧಿಯಿಲ್ಲದೆ ಒಪ್ಪಿದ್ದರು. ಸ್ವರ ಹಾಕುತ್ತ ಹಾಕುತ್ತ ಅವರು ಪಲ್ಲವಿಯ ಸಾಲಿಗೆ ಅರ್ಧ ಎಣಿಕೆ ಮುಂಚೆಯೇ ಬಂದುಬಿಟ್ಟರು. ದೊಡ್ಡವರಿಗೂ ಆಗುತ್ತದೆ. ಹಾಡುವವರು ತಪ್ಪಿದರೆ ಪಕ್ಕವಾದ್ಯದವರು ಅದನ್ನು ಮುಚ್ಚಬೇಕು ಅಂತ ನನ್ನ ಗುರುಗಳು ಹೇಳಿಕೊಟ್ಟಿದ್ದರು. ನಾನೂ ಅರ್ಧ ಎಣಿಕೆ ನುಂಗಿ, ಹಾರಿ, ಅವರನ್ನು ಸೇರಿಕೊಂಡೆ. ಸಭೆಗೆ ಕೇಳಿಸಿದ್ದು ಮೃದಂಗ ಎಡವಿದ ಸದ್ದು ಮಾತ್ರ.

ವಿದ್ವಾಂಸರು ಹಾಡು ನಿಲ್ಲಿಸಿ ನನ್ನ ಕಡೆ ತಿರುಗಿ ನಕ್ಕರು. ಆಮೇಲೆ ಮೈಕಿನಲ್ಲಿ, "ಹೆಣ್ಮಗು, ಪಾಪ, ಕೈ ಜಾರ್ತು. ಎಲ್ಲರೂ ಚಪ್ಪಾಳೆ ತಟ್ಟಿ ಪ್ರೋತ್ಸಾಹ ಕೊಡಿ" ಅಂದರು. ಪೆಂಡಾಲಿಗೆ ಪೆಂಡಾಲೇ ತಟ್ಟಿತು. ಆಗ ನನಗೆ ಮೂವತ್ತಾರು. ಹೆಣ್ಮಗುವಂತೆ! ಅದಕ್ಕಿಂತ ಹೊಟ್ಟೆ ಉರಿಯುವ ಸಂಗತಿ ಏನೆಂದರೆ ನಾನು ಎದ್ದು ಹೋಗಲಿಲ್ಲ. ಅಭ್ಯಾಸಬಲದಿಂದ ಸಭೆಗೆ ಕೈ ಮುಗಿದೆ.

ಯಾರನ್ನು ಉಳಿಸಲು ಹಾರಿದೆನೋ ಅವರೇ ನನ್ನನ್ನು ತಳ್ಳಿದ್ದರು. ಆಮೇಲೆ ಕಛೇರಿಗೆ ಕರೆಯುವವರು ಕಡಿಮೆಯಾದರು. "ಆಯಮ್ಮಂದು ತಾಳ ಸ್ವಲ್ಪ ಹಾಗೇ" ಎಂಬ ಮಾತು ಬಸವನಗುಡಿಯಿಂದ ಮಲ್ಲೇಶ್ವರದವರೆಗೆ ನನಗಿಂತ ಮುಂಚೆ ಹೋಗಿ ಕೂತಿರುತ್ತಿತ್ತು. ಎರಡು ವರ್ಷದಲ್ಲಿ ಮೃದಂಗ ಗವಸು ಹಾಕಿಕೊಂಡು ಬೀರುವಿನ ಮೇಲೇರಿತು. ನಾನು ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ಬದುಕಿದೆ. ಅದನ್ನೆಲ್ಲ ಮರೆತಿದ್ದೆ ಅಂದರೆ ನನ್ನ ಬಾಯಿಗೆ ಹುಳ ಬೀಳಲಿ.

ಹೋದ ವರ್ಷ ಚಾಮರಾಜಪೇಟೆಯ ಮೈಕ್ ಸೆಟ್ಟಿನವರು ಅಂಗಡಿ ಖಾಲಿ ಮಾಡುವಾಗ ಫೋನ್ ಮಾಡಿದರು. ಅವತ್ತಿನ ಕಛೇರಿಯನ್ನು ಸಿಡಿಗೆ ಇಳಿಸಿಟ್ಟಿದ್ದವರು ಅವರೇ. "ತಗೊಂಡ್ಹೋಗಿ ಅಮ್ಮ. ಮೊದ್ಲು ಯಾರು ತಪ್ಪಿದ್ದು ಅಂತ ಇದ್ರಲ್ಲಿ ಕ್ಲಿಯರ್ ಆಗಿದೆ" ಅಂದರು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಆ ವಿದ್ವಾಂಸರ ಕಛೇರಿಗೆಲ್ಲ ಇವರದೇ ಮೈಕು. ಇನ್ನೇನು ಹೇಳಿಯಾರು?

ಪಕ್ಕದ ಮನೆಯವರ ಲ್ಯಾಪ್‌ಟಾಪಿಗೆ ಹೊರಗಿನಿಂದ ಸಿಕ್ಕಿಸುವ ತೆಳ್ಳನೆಯ ಡ್ರೈವ್ ಹಾಕಿ ನೋಡಿದೆ. ಸಿಡಿಗೆ ಗೀರು ಬಿದ್ದಿತ್ತು. ಬೇಕಾದ ಜಾಗಕ್ಕೆ ಬಂದಾಗಲೇ ಡ್ರೈವ್ ತಡವರಿಸಿ, ಸರಿಯಾಗಿ ಅರ್ಧ ಎಣಿಕೆ ಹಾರಿತು. ಇದೂ ಆ ವಿದ್ವಾಂಸರ ಶಿಷ್ಯನೇ ಇರಬೇಕು ಅನ್ನಿಸಿತು. ಡ್ರೈವೇ ಹಾರಿದರೆ ಯಾರು ತಪ್ಪಿದ್ದೆಂದು ಹೇಗೆ ತೋರಿಸಲಿ? ಪೆನ್ ಡ್ರೈವಿಗೆ ಹಾಕಿಸಿ ಒಯ್ದರೆ, ಕತ್ತರಿಸಿ ಅಂಟಿಸಿದ್ದಾಳೆ ಅನ್ನುತ್ತಾರೆ. ಎಲ್ಲರ ಕಣ್ಣೆದುರು ಅದೇ ಸಿಡಿ ತಿರುಗಬೇಕು.

ಅದೇ ಹೊತ್ತಿಗೆ ವಾಟ್ಸಾಪಿನಲ್ಲಿ ಒಂದು ಸಂದೇಶ ಬಂತು. ವಿದ್ವಾಂಸರಿಗೆ ಎಂಬತ್ತು ತುಂಬುತ್ತದೆ, ಎನ್.ಆರ್. ಕಾಲೋನಿಯಲ್ಲಿ ಸನ್ಮಾನ, ಅವರ ಹಳೆಯ ಧ್ವನಿಮುದ್ರಣ ಇದ್ದವರು ತಿಳಿಸಿ ಎಂದಿತ್ತು. ನನ್ನ ಹತ್ತಿರ ಒಂದಿದೆ, ಕಂಪ್ಯೂಟರ್ ಸಮೇತ ನಾನೇ ತಂದು ಕೇಳಿಸುತ್ತೇನೆ ಎಂದು ಬರೆದೆ. ಕಾರ್ಯದರ್ಶಿಗಳು ಆರು ನಮಸ್ಕಾರದ ಚಿತ್ರ ಕಳಿಸಿದರು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ.

"ಸಿಡಿ ಡ್ರೈವಾ? ಈಗ ಯಾರೂ ಹಾಕಿಸ್ಕೊಳ್ಳಲ್ಲ ಅಮ್ಮ" ಎಂದು ಎಸ್.ಪಿ. ರೋಡಿನ ಮೊದಲ ಅಂಗಡಿಯವನು ನಕ್ಕ. ನಗುವವರನ್ನು ಕಂಡರೆ ನನಗಾಗದು, ಇಳಿದು ಬಂದೆ. ಎರಡನೆಯ ಅಂಗಡಿಯಾತ ತಾಳ್ಮೆಯವನು. ಮೂರು ಡ್ರೈವ್ ತೆಗೆದಿಟ್ಟ. ನಾನು ಸ್ಟೂಲಿನ ಮೇಲೆ ಕೂತು, ಮನೆಯಿಂದ ತಂದಿದ್ದ ಗೀರು ಬಿದ್ದ ಬೇರೊಂದು ಸಿಡಿ ಹಾಕಿಸಿ, ತೊಡೆಯ ಮೇಲೆ ಆದಿತಾಳ ಹಾಕತೊಡಗಿದೆ. ಮೊದಲನೆಯದು ಹೊಚ್ಚ ಹೊಸದು, ಭರ್ರೆಂದು ತಿರುಗಿ ಗೀರು ಬಂದಲ್ಲಿ ಕೈಚೆಲ್ಲಿತು. ಎರಡನೆಯದು ಓದಿತು, ಆದರೆ ಐದನೆಯ ಆವರ್ತನದಲ್ಲಿ ನನ್ನ ಕೈಗೆ ಸಿಗದೆ ಮುಂದೆ ಹೋಯಿತು. "ಇದೂ ನುಂಗ್ತು" ಅಂದೆ. ಅಂಗಡಿಯಾತ ಕಣ್ಣುಕಣ್ಣು ಬಿಟ್ಟ. ಮೂರನೆಯದು ಯಾವುದೋ ಆಫೀಸಿನ ಹಳೆಯ ಕಂಪ್ಯೂಟರಿನಿಂದ ಬಿಚ್ಚಿದ್ದು, ಭಾರವಾಗಿತ್ತು, ಮುಂಭಾಗ ಹಳದಿಗೆ ತಿರುಗಿತ್ತು. ನಲವತ್ತು ಆವರ್ತನ ಹಾಕಿದೆ. ಒಂದು ಕೂದಲೆಳೆಯಷ್ಟೂ ಅತ್ತಿತ್ತ ಆಗಲಿಲ್ಲ.

"ಇದೇ ಕೊಡಿ."

"ಸೆಕೆಂಡ್ ಹ್ಯಾಂಡು ಅಮ್ಮ, ಗ್ಯಾರಂಟಿ ಕೊಡೋಕಾಗಲ್ಲ."

"ಒಂದ್ ದಿನ ನಡೆದ್ರೆ ಸಾಕು."

ಇನ್ನು ಕ್ಯಾಬಿನೆಟ್, ಬಿಡಿಭಾಗಗಳೆಲ್ಲ ಕೂರುವ ಪೆಟ್ಟಿಗೆ. ಈಗಿನವೆಲ್ಲ ಗಾಜಿನ ಪೆಟ್ಟಿಗೆಗಳು, ಒಳಗೆ ಮದುವೆಮನೆಯ ಸೀರಿಯಲ್ ಸೆಟ್ಟಿನ ಹಾಗೆ ಬಣ್ಣದ ದೀಪ, ಡ್ರೈವ್ ಕೂರಿಸಲು ಮಾತ್ರ ಜಾಗವೇ ಇಲ್ಲ. ಅಟ್ಟದ ಮೇಲಿದ್ದ ಕಪ್ಪು ತಗಡಿನ ಹಳೆಯ ಕ್ಯಾಬಿನೆಟ್ ಇಳಿಸಲು ಹೇಳಿದೆ. ಕರೆಂಟು ಕೊಡುವ ಪೆಟ್ಟಿಗೆ ಮಾತ್ರ ಹೊಸದು, ಒಳ್ಳೆಯದು ಬೇಕೆಂದೆ. ಸನ್ಮಾನದ ನಡುವೆ ಅದು ಸತ್ತರೆ ನನ್ನ ಗತಿಯೇನು? ಫ್ಯಾನು ಸದ್ದು ಮಾಡಬಾರದು. ಮದರ್‌ಬೋರ್ಡು, ಪ್ರೊಸೆಸರು ಯಾವುದಾದರೂ ಸರಿ. ಜೋಡಿಸಿದ ಮೇಲೆ ನನ್ನ ಸಿಡಿಯನ್ನೇ ಹಾಕಿಸಿದೆ. ಆ ಜಾಗ ಬಂತು. ಅವರು ಮೊದಲು, ನಾನು ಆಮೇಲೆ. ಅಂಗಡಿಯಲ್ಲೇ ಅತ್ತುಬಿಟ್ಟೆ, ಕೋಪಕ್ಕೆ.

ಸನ್ಮಾನದ ದಿನ ಕ್ಯಾಬಿನೆಟ್ಟನ್ನು ಸೀರೆಯಲ್ಲಿ ಸುತ್ತಿ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ವಿದ್ವಾಂಸರು ಪೇಟ, ಶಾಲು, ಹಾರ ಹಾಕಿಕೊಂಡು ವೇದಿಕೆಯ ನಡುವೆ ಕೂತಿದ್ದರು. ಎಂಬತ್ತರ ಮುದುಕರು, ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಕಂಪ್ಯೂಟರನ್ನು ಅಲ್ಲಿನ ಪರದೆಗೂ ಸ್ಪೀಕರಿಗೂ ಸಿಕ್ಕಿಸಿ ಸಿಡಿ ಹಾಕಿದೆ. ಆ ಸಭೆಯಲ್ಲಿ ಕೂತವರೆಲ್ಲ ಕಟ್ಟಾ ರಸಿಕರು, ಹಾಡು ಶುರುವಾದರೆ ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕುತ್ತದೆ. ನಾನು ನೆಚ್ಚಿಕೊಂಡಿದ್ದು ಆ ಕೈಗಳನ್ನೇ.

ಆ ಜಾಗ ಬಂತು. ಮುಂದಿನ ಸಾಲಿನ ಹಿರಿಯರೊಬ್ಬರು ಮುಖ ಸಿಂಡರಿಸಿ, "ಮೃದಂಗ ಯಾರೋ, ಅರ್ಧ ಬಿಟ್ಬಿಟ್ರು" ಅಂದರು.

ಇಪ್ಪತ್ತೆರಡು ವರ್ಷವಾದರೂ ಅದೇ ಮಾತು! ಸಿಡಿ ನಿಲ್ಲಿಸಿ ಮೈಕ್ ತೆಗೆದುಕೊಂಡೆ. "ಇನ್ನೊಂದ್ಸಲ ಹಾಕ್ತೀನಿ ಸಾರ್. ಮೃದಂಗ ಬಿಡಿ. ನಿಮ್ಮ ಕೈ ನೋಡ್ಕೊಳ್ಳಿ, ಹಾಡು ಕೇಳಿ."

ಎರಡನೆಯ ಸಲ ಹಿರಿಯರ ಕೈ ಇನ್ನೂ ಮೇಲಿರುವಾಗಲೇ ಪಲ್ಲವಿ ಬಂದುಬಿಟ್ಟಿತು. ಅವರು ತಮ್ಮ ಕೈಯನ್ನೇ ನೋಡಿಕೊಂಡರು. ಮೂರನೆಯ ಸಲ ಹಾಕಿದಾಗ ಇಡೀ ಸಭೆಯ ಕೈಗಳು ಒಟ್ಟಿಗೆ ಗಾಳಿಯಲ್ಲಿ ನಿಂತವು. ಶಾಲಿನ ಕೆಳಗೆ ತಾಳ ಹಾಕುತ್ತಿದ್ದ ವಿದ್ವಾಂಸರ ಕೈಯೂ ನಿಂತಿತು.

ಈ ಸಲ ನಾನು ನಿಲ್ಲಿಸಲಿಲ್ಲ. ಹಾಡು ನಿಂತು, ಸ್ಪೀಕರಿನಿಂದ ಅವರದೇ ದನಿ ಬಂತು: "ಹೆಣ್ಮಗು, ಪಾಪ, ಕೈ ಜಾರ್ತು." ಹಿಂದೆಯೇ ಅವತ್ತಿನ ಚಪ್ಪಾಳೆ. ಸಭೆ ಒಮ್ಮೆ ಸ್ಪೀಕರ್ ನೋಡಿತು, ಆಮೇಲೆ ನನ್ನನ್ನು. ವಿದ್ವಾಂಸರೂ ನನ್ನನ್ನು ನೋಡಿದರು, ಗುರುತು ಹಿಡಿದರು.

ಚಪ್ಪಾಳೆ ಮುಗಿಯುವವರೆಗೆ ಕಾದು, ಸಿಡಿ ನಿಲ್ಲಿಸಿ, ಮೈಕಿಗೆ ಹೇಳಿದೆ: "ಹಿರಿಯರು, ಪಾಪ, ನಾಲಗೆ ಜಾರ್ತು. ಎಲ್ಲರೂ ಚಪ್ಪಾಳೆ ತಟ್ಟಿ ಪ್ರೋತ್ಸಾಹ ಕೊಡಿ."

ಮೊದಲು ಹಿಂದಿನ ಸಾಲಿನಲ್ಲಿ ಯಾರೋ ತಟ್ಟಿದರು, ಅವರ ಪಕ್ಕದವರು ತಟ್ಟಿದರು, ನೋಡನೋಡುತ್ತ ಸಭೆಯೆಲ್ಲ ತಟ್ಟಿತು. ವಿದ್ವಾಂಸರು ಅಭ್ಯಾಸಬಲದಿಂದ ಸಭೆಗೆ ಕೈ ಮುಗಿದರು.