ಡಿಫರೆನ್ಶಿಯಲ್‌ಗೆ ಸುರಿದ ತಾರ್ಲೆ ಎಣ್ಣೆ

ಎಂಬತ್ತರ ದಶಕದ ಆರಂಭದಲ್ಲಿ ನನ್ನ ಬಳಿ ಹರಾಜಿನಲ್ಲಿ ಹಿಡಿದ ಹಳೆಯ ಮಿಲಿಟರಿ ಜೀಪಿತ್ತು. ಹೊನ್ನಾವರದಲ್ಲಿ ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಮೀನು ಹೇರಿಕೊಂಡು ಕುಮಟಾ ದಾಟಿ ಕತಗಾಲದ ಕಡೆಯ ಹಳ್ಳಿಗಳಿಗೆ ಒಯ್ಯುತ್ತಿದ್ದೆ. ಹಿಂದಿನ ಎರಡು ಚಕ್ರಗಳಿಗೆ ಬಲ ಹಂಚುವ ಅದರ ಡಿಫರೆನ್ಶಿಯಲ್ ಬೇರೆ ಜಾತಿಯದು. ಕೆಸರಿನಲ್ಲಿ ಒಂದು ಚಕ್ರ ಬರಿದೇ ತಿರುಗತೊಡಗಿದರೆ ಇನ್ನೊಂದಕ್ಕೂ ಬಲ ಕೊಟ್ಟು ಗಾಡಿಯನ್ನು ಮೇಲೆತ್ತುತ್ತಿತ್ತು. ಆದರೆ ಪ್ರತಿ ತಿರುವಿನಲ್ಲೂ ಕಟಕಟನೆ ಹಲ್ಲು ಕಡಿಯುತ್ತಿತ್ತು.

ಕುಮಟಾದ ಗ್ಯಾರೇಜಿನ ಮೇಸ್ತ್ರಿ ಅಡಿಗೆ ನುಸುಳಿ ನೋಡಿ ಎದ್ದ. "ಇದ್ರೊಳಗೆ ಪ್ಲೇಟ್ ಅವೆ ಮಾರಾಯಾ. ಬರೀ ತೊಂಬತ್ತು ನಂಬರ್ ಗೇರ್ ಆಯಿಲ್ ಹಾಕಿದ್ರೆ ಕಚ್ತವೆ. ಅದ್ಕೆ ಬೆರ್ಸೂ ಬಾಟ್ಲಿ ಬೇರೆ ಅದೆ, ಬೊಂಬಾಯಿಂದ ಬರ್ಬೇಕು."

ಪಕ್ಕದ ಸೀಟಿನಲ್ಲಿ ಅಪ್ಪ ಕೂತಿದ್ದ. ಒಂದು ಕಾಲದಲ್ಲಿ ರಂಪಣಿ ಬಲೆ ಎಳೆಯುವ ಇಡೀ ಗುಂಪಿಗೆ, ನೀರಿನ ಬಣ್ಣ ನೋಡಿ ಬಲೆ ಎಲ್ಲಿ ಬಿಡಬೇಕೆಂದು ಹೇಳುತ್ತಿದ್ದವನು. ಯಾಂತ್ರಿಕ ದೋಣಿಗಳು ಬಂದು ರಂಪಣಿ ಮೂಲೆ ಸೇರಿದ ಮೇಲೆ ಅವನನ್ನು ಕೇಳುವವರು ಕಡಿಮೆಯಾದರು. ಹಾಗಾಗಿ ಜೀಪಿಗೆ ಬುದ್ಧಿ ಹೇಳುತ್ತಿದ್ದ.

"ನುಣುಪು ಬೇಕು, ಅಷ್ಟೇ ಅಲ್ವಾ? ದೋಣಿಗೆ ಬಳಿಯೂ ತಾರ್ಲೆ ಎಣ್ಣೆ ಹಾಕಿ ನೋಡ ತಮಾ. ಅರ್ಧ ಗೆರಟೆ ಸಾಕು. ಅದ್ಕಿಂತ ಜಾಸ್ತಿ ಹಾಕ್ಬೇಡ."

ತಾರ್ಲೆ ಮೀನಿನ ಎಣ್ಣೆಯಲ್ಲಿ ಜೀಪು ಓಡಿಸುವ ಬುದ್ಧಿಗೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಬೊಂಬಾಯಿಯ ಬಾಟಲಿ ಬರುವ ಸುಳಿವಿರಲಿಲ್ಲ. ಕೊನೆಗೆ ತೆಂಗಿನ ಚಿಪ್ಪಿನಲ್ಲಿ ಅಳೆದು ಅರ್ಧ ಗೆರಟೆ ಸುರಿದೆ. ಮರುದಿನವೇ ತಿರುವುಗಳಲ್ಲಿ ಸದ್ದಡಗಿತು. ಅಪ್ಪ ಅದನ್ನು ದಕ್ಕೆಯ ತುಂಬ ಹೇಳಿಕೊಂಡು ತಿರುಗಿದ. ಎಷ್ಟೋ ವರ್ಷದ ಮೇಲೆ ಅವನ ಬೆನ್ನು ನೆಟ್ಟಗಾದದ್ದನ್ನು ನಾನು ಕಂಡೆ.

ಎರಡು ವಾರಕ್ಕೆ ಸದ್ದು ಸಣ್ಣಗೆ ಮರುಕಳಿಸಿತು. ನನ್ನದೋ ಮೂಗಿನ ತುದಿಯ ಸಿಟ್ಟು. ಒಳಗಿನ ಆಯಿಲ್ ಸ್ವಲ್ಪ ಇಳಿಸಿ, ಒಂದಿಡೀ ಬಾಟಲಿ ತಾರ್ಲೆ ಎಣ್ಣೆ ಹೊಯ್ದೆ. ಖಾಲಿ ಬಾಟಲಿ ಅಪ್ಪನ ಕಣ್ಣಿಗೆ ಬಿತ್ತು.

"ಎಲ್ಲಾ ಹಾಕಿದ್ಯಾ?"

"ಆತು, ನೀ ಸುಮ್ನಿರು."

ಮಳೆ ಹಿಡಿದ ದಿನ ಕತಗಾಲದ ಆಚೆ ಜೀಪು ಕೆಸರಿನಲ್ಲಿ ಹೂತಿತು. ಒಂದೇ ಚಕ್ರ ಗಿರಗಿರನೆ ತಿರುಗುತ್ತಿತ್ತು, ಇನ್ನೊಂದು ಕಲ್ಲಿನಂತೆ ನಿಂತಿತ್ತು. ಸಂಜೆಯವರೆಗೆ ನಾನೂ ಅಪ್ಪನೂ ಒದ್ದಾಡಿದೆವು. ಅಷ್ಟೂ ಮೀನು ಕೊಳೆಯಿತು.

ಗ್ಯಾರೇಜಿನಲ್ಲಿ ಬಿಚ್ಚಿದಾಗ ಒಳಗೆ ಕಪ್ಪು ಅಂಟು, ಸುಟ್ಟ ಮೀನಿನ ನಾತ; ಎಣ್ಣೆ ಹೆಚ್ಚಾಗಿ ಪ್ಲೇಟುಗಳು ಹಿಡಿತವಿಲ್ಲದೆ ಜಾರಿ ಸುಟ್ಟಿದ್ದವು. ಸುತ್ತ ನಿಂತ ಡ್ರೈವರುಗಳು ಬಿದ್ದು ಬಿದ್ದು ನಕ್ಕರು. "ಯಾರದ್ದು ಈ ಡಾಕ್ಟರಿಕೆ?" ಎಂದು ಮೇಸ್ತ್ರಿ ಕೇಳಿದ. ನಾಚಿಕೆಯಿಂದ ಮೈಯೆಲ್ಲ ಉರಿಯುತ್ತಿತ್ತು. "ಇನ್ಯಾರದ್ದು? ಬಲೆ ಎಳೆಯೂ ಮುದ್ಕನ ಮಾತು ಕೇಳಿ ಹಾಳಾದೆ," ಎಂದು ಅಪ್ಪನ ಕಡೆ ಕೈ ತೋರಿಸಿದೆ.

ಅಪ್ಪ ನನ್ನನ್ನೇ ನೋಡಿದ. ನಾನು ಇಡೀ ಬಾಟಲಿ ಸುರಿದ ಮಾತು ಈಗ ಬಂತು ಎಂದುಕೊಂಡೆ.

"ಹೌದು, ನಾನೇ ಹೇಳಿದ್ದು," ಎಂದ. ಅಷ್ಟೇ.

ಆಮೇಲೆ ಅವನು ಜೀಪು ಹತ್ತಲಿಲ್ಲ. ದಕ್ಕೆಯಿಂದ ಯಾರಾದರೂ ಬಂದು ಗಾಳಿಯ ಬಗ್ಗೆ, ನೀರಿನ ಬಗ್ಗೆ ಕೇಳಿದರೂ "ನಂಗೆಂತ ಗೊತ್ತದೆ" ಎಂದುಬಿಡುತ್ತಿದ್ದ. ಅವನಿಗೆ ಗೊತ್ತಿದ್ದದ್ದೇ ಆ ಗಾಳಿ, ಆ ನೀರು. ತಪ್ಪಾಯಿತೆಂದು ಹೇಳಬೇಕೆಂದು ಎಷ್ಟೋ ಸಲ ಅವನ ಪಕ್ಕ ಹೋಗಿ ಕೂತೆ, ಊಟವಾಯಿತೇ ಎಂದು ಕೇಳಿ ಎದ್ದು ಬಂದೆ. ಅದಾದ ಎರಡನೆಯ ಮಳೆಗಾಲದಲ್ಲಿ ಅಪ್ಪ ತೀರಿಕೊಂಡ.

ತಿಥಿ ಕಳೆದ ಮೇಲೆ ಜೀಪು ತೆಗೆದುಕೊಂಡು ಗ್ಯಾರೇಜಿಗೆ ಹೋಗಿದ್ದೆ. ಮೇಸ್ತ್ರಿ ನನ್ನ ಹೆಗಲ ಮೇಲೆ ಕೈಯಿಟ್ಟ.

"ಹೊರದೇಶದಲ್ಲಿ ಇಂಥಾ ಆಯಿಲಿಗೆ ತಿಮಿಂಗಿಲದ ಎಣ್ಣೆ ಬೆರೆಸ್ತಿದ್ರಂತೆ ಮಾರಾಯಾ, ನಂಗೂ ಮೊನ್ನೆ ಗೊತ್ತಾಯ್ತು. ನಿನ್ನಪ್ಪನ ತಲೆ ಸಮಾ ಓಡಿತ್ತು. ಪಾಪ, ಅಳತೆ ಒಂದು ಗೊತ್ತಾಗ್ಲಿಲ್ಲ ಅವ್ನಿಗೆ."

ನಾನು ಹೌದೆಂದು ತಲೆಯಾಡಿಸಿದೆ.