ಆರ್ಗನ್ ಅಜ್ಜಿ ನುಡಿಸದ ದಿನ

ಕಳೆದ ವಾರ ಸ್ವೀಡನ್ನಿನ ಸೋಲ್ನಾದ ನಮ್ಮ ಆಫೀಸಿನಲ್ಲಿ ಫೀಕಾಕ್ಕೆಂದು, ಅಂದರೆ ಇಲ್ಲಿನ ಕಾಫಿ ವಿರಾಮಕ್ಕೆಂದು, ಲೋಟ ಹಿಡಿದು ಕೂತಿದ್ದಾಗ, ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಜೇಬಿನಿಂದ ಪುಟ್ಟ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಒಳಗೆ ಕಪ್ಪು ಗುಳಿಗೆಗಳು. ಅತಿಮಧುರಕ್ಕೆ ಉಪ್ಪು ಬೆರೆಸಿ, ಮೇಲೆ ಔಷಧಿ ಅಂಗಡಿಯ ಘಾಟನ್ನೂ ಸೇರಿಸಿದಂಥ ವಾಸನೆ... ಸ್ವೀಡನ್ನಿನವರು ಇದನ್ನು ಮಿಠಾಯಿ ಎನ್ನುತ್ತಾರೆ, ಅವರ ಧೈರ್ಯಕ್ಕೆ ದೊಡ್ಡ ನಮಸ್ಕಾರ. ನನಗೆ ಮಾತ್ರ ಆ ಘಾಟು ಮೂಗಿಗೆ ಬಡಿದದ್ದೇ ತಡ, ಆರ್ಗನ್ ಅಜ್ಜಿ ಪಕ್ಕದಲ್ಲೇ ಬಂದು ಕೂತ ಹಾಗಾಯಿತು.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿದ್ದ ಕಾಲ. ಆಗ ನಾವು ಲಿಂಕೋಪಿಂಗ್ ಎಂಬ ಊರಿನಲ್ಲಿದ್ದೆವು. ನಾನು ಯೂನಿವರ್ಸಿಟಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ, ನನ್ನ ಗಂಡ ಐಟಿ ಕಂಪನಿಯೊಂದರಲ್ಲಿ, ಮಗಳು ಎರಡನೇ ಕ್ಲಾಸಿನಲ್ಲಿ. ನಮ್ಮ ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದ ವಯಸ್ಸಾದ ಹೆಂಗಸು ಹತ್ತಿರದ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ಮಗಳು ಅವರಿಗೆ ಆರ್ಗನ್ ಅಜ್ಜಿ ಎಂದು ಹೆಸರಿಟ್ಟಳು, ನಮಗೂ ಅದೇ ರೂಢಿಯಾಯಿತು. ಆ ದೇಶದಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಏಕವಚನವೇ. ನನಗೆ ನಾಲಿಗೆ ಹೊರಳದೆ, ಸ್ವೀಡಿಶ್ ಮಾತಿನ ನಡುವೆಯೂ ಅವರನ್ನು ಅಜ್ಜಿ ಎಂದೇ ಕರೆಯುತ್ತಿದ್ದೆ.

ಅವರ ಮನೆಯಲ್ಲೂ ಒಂದು ಚಿಕ್ಕ ಆರ್ಗನ್ ಇತ್ತು, ಕಾಲಿನಿಂದ ತುಳಿಯುವಂಥದ್ದು. ಮೊದಲ ಸಲ ಕಂಡಾಗ ನಾನು ಕುಣಿದಾಡಿಬಿಟ್ಟೆ. ಚಿಕ್ಕಂದಿನಲ್ಲಿ ದಾವಣಗೆರೆಯ ಕಂಪನಿ ನಾಟಕಗಳಲ್ಲಿ ಪರದೆಯ ಮುಂದೆ ಕೂತು ಒಬ್ಬರು ತುಳಿಯುತ್ತಿದ್ದರಲ್ಲ, ಸಾಕ್ಷಾತ್ ಆ ಲೆಗ್ ಹಾರ್ಮೋನಿಯಂ. ನಮ್ಮೂರಲ್ಲಿ ಇದರ ಮೇಲೆ ನಾಟಕದ ಪದ ನುಡಿಸುತ್ತಾರೆ ಎಂದೆ. ಅಜ್ಜಿ ಗಂಭೀರವಾಗಿ ಎದ್ದು ನನ್ನನ್ನು ಕೂರಿಸಿ, ನುಡಿಸು ಎಂದರು. ನನಗೆ ಬರುತ್ತಿದ್ದ ಸರಿಗಮ ಒತ್ತಿ ಮುಗಿಸಿದ ಮೇಲೆ ಬಹುಮಾನವೆಂದು ಒಂದು ಕಪ್ಪು ಗುಳಿಗೆ ಬಾಯಿಗಿಟ್ಟರು. ನುಂಗಲಾರದೆ ಉಗುಳಲಾರದೆ ನಾನು ಪಟ್ಟ ಪಾಡು ನೋಡಿ ಅವರು ನಕ್ಕ ನಗು... ನಮ್ಮ ಸ್ನೇಹ ಶುರುವಾದದ್ದು ಹಾಗೆ.

ಸ್ನೇಹ ಎಂದರೂ ಸಿಕ್ಕಾಗಲೆಲ್ಲ ನಡೆಯುತ್ತಿದ್ದದ್ದು ವಾಗ್ವಾದ. ಚರ್ಚು ಮತ್ತು ಸರ್ಕಾರ ಕೆಲವೇ ವರ್ಷಗಳ ಹಿಂದೆ ಬೇರೆಬೇರೆಯಾಗಿದ್ದವು. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮದುವೆಯಾಗುವಂತೆ ಕಾನೂನೂ ಬದಲಾಗಬೇಕೆಂಬ ಮಾತು ಎದ್ದಿತ್ತು. ಅಜ್ಜಿಗೆ ಇದೆಲ್ಲ ಹೊಟ್ಟೆಯೊಳಗಿನ ಸಂಕಟ. ಈ ದೇಶದಲ್ಲಿ ದೇವರನ್ನು ಒಂದೊಂದೇ ಕೋಣೆಯಿಂದ ಆಚೆ ಕಳಿಸುತ್ತಿದ್ದಾರೆ, ಇನ್ನು ಜಗಲಿಯೊಂದೇ ಬಾಕಿ ಎನ್ನುತ್ತಿದ್ದರು. ಸರ್ಕಾರ ಯಾರ ದೇವರ ಗೊಡವೆಗೂ ಹೋಗದಿದ್ದರೇ ನಮ್ಮಂಥವರಿಗೆ ನೆಮ್ಮದಿ ಎಂದು ನಾನು ವಾದಿಸುತ್ತಿದ್ದೆ. ಕಾಫಿ ಆರಿ ತಣ್ಣಗಾದರೂ ನಮ್ಮ ವಾದ ಆರುತ್ತಿರಲಿಲ್ಲ.

ಒಂದು ವಸಂತದಲ್ಲಿ, ಹೇಳದೆ ಕೇಳದೆ, ಅಜ್ಜಿ ಬಂದು ನಮ್ಮ ಬಾಗಿಲು ತಟ್ಟಿದರು. ಮೊದಲೇ ಫೋನ್ ಮಾಡದೆ ಯಾರೂ ಯಾರ ಮನೆಗೂ ಹೋಗದ ದೇಶ ಅದು. ಏನೋ ಅನಾಹುತವಾಗಿದೆ ಎಂದುಕೊಂಡೆ. ಅವರು ಒಳಗೂ ಬರಲಿಲ್ಲ. ಹೊಸ್ತಿಲಾಚೆ ನಿಂತೇ ಕೇಳಿದರು:

“ಕೇಳಿದ್ದು ನೀವೇನಾ?”

ವಿಷಯ ಇಷ್ಟು. ಜೂನಿನಲ್ಲಿ ಶಾಲೆ ಮುಗಿಯುವ ದಿನ ಮಕ್ಕಳೆಲ್ಲ ಚರ್ಚಿನಲ್ಲಿ ಸೇರಿ, ಹೂಗಳ ಕಾಲ ಬಂತೆಂಬ ಸ್ತೋತ್ರ ಹಾಡಿ, ಪಾದ್ರಿಯ ಆಶೀರ್ವಾದ ಪಡೆದು ರಜೆಗೆ ಹೋಗುವುದು ಅಲ್ಲಿನ ಸಂಪ್ರದಾಯ. ಆರ್ಗನ್ ನುಡಿಸುತ್ತಿದ್ದವರು ಅಜ್ಜಿ. ವರ್ಷವಿಡೀ ಖಾಲಿ ಹೊಡೆಯುವ ಚರ್ಚು ಆ ಒಂದು ದಿನ ತುಂಬುತ್ತಿತ್ತು. ಈಗ ಅದನ್ನು ಶಾಲೆಯ ಆಟದ ಹಾಲಿಗೆ ಬದಲಾಯಿಸುತ್ತಾರಂತೆ. ಕಾರಣ, ಬೇರೆ ಧರ್ಮದ ಮಕ್ಕಳಿಗೆ ನೋವಾಗಬಾರದು ಎಂಬುದು.

ನನ್ನ ಮೈ ಉರಿದುಹೋಯಿತು. ನಮ್ಮನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ನಮಗೆ ಯಾವ ನೋವೂ ಆಗಿರಲಿಲ್ಲ. ಹಿಂದಿನ ವರ್ಷ ಮಗಳು ಬಿಳಿ ಫ್ರಾಕು ಹಾಕಿಕೊಂಡು ಎಲ್ಲರಿಗಿಂತ ಜೋರಾಗಿ ಹಾಡಿ ಬಂದಿದ್ದಳು. ನಾವು ಕೇಳಿಲ್ಲ ಅಜ್ಜಿ, ಆಣೆ ಮಾಡಿ ಹೇಳುತ್ತೇನೆ ಎಂದೆ. ಅವರು ತಲೆಯಾಡಿಸಿ ಇಳಿದುಹೋದರು, ಆದರೆ ನಂಬಿದರೋ ಇಲ್ಲವೋ ತಿಳಿಯಲಿಲ್ಲ.

ಅದೇ ವಾರ ಶಾಲೆಯಲ್ಲಿ ಪೋಷಕರ ಸಭೆಯಿತ್ತು. ನನ್ನ ಗಂಡನಿಗೆ ನನ್ನ ಮುಖ ನೋಡಿಯೇ ಭಯ. “ಸುಮ್ನೆ ಕೂತ್ಕೊಂಡು ಬಾರೇ, ಪ್ಲೀಸ್. ವರ್ಕ್ ಪರ್ಮಿಟ್ ಮೇಲೆ ಬಂದಿರೋರು ನಾವು, ನಮಗ್ಯಾಕೆ ಇವ್ರ ಪಾಲಿಟಿಕ್ಸು” ಎಂದರು. ಸುಮ್ಮನೆ ಕೂರುವ ಜಾಯಮಾನ ನನ್ನದಾಗಿದ್ದರೆ ತಾನೆ.

ಮುಖ್ಯೋಪಾಧ್ಯಾಯಿನಿ ಮೃದುವಾಗಿ ವಿಷಯ ಹೇಳುತ್ತಾ, ಬೇರೆ ಧರ್ಮದ ಮಕ್ಕಳು ಎನ್ನುವಾಗ ನನ್ನ ಕಡೆ ನೋಡಿ ಮುಗುಳ್ನಕ್ಕರು. ನಾನು ಎದ್ದು ನಿಂತೆ. ಒಳಗೊಳಗೇ ಖುಷಿಯಾಗುತ್ತಿತ್ತು. ನನ್ನ ಹರುಕುಮುರುಕು ಸ್ವೀಡಿಶ್‌ನಲ್ಲೇ, ನಮ್ಮ ಹೆಸರು ಹೇಳಿಕೊಂಡು ಇದನ್ನು ನಿಲ್ಲಿಸಬೇಡಿ, ನಾವು ಕೇಳಿಲ್ಲ ಎಂದೆ. ಶಾಲೆ ಧರ್ಮ ಆಚರಿಸುವ ಹಾಗಿಲ್ಲವಲ್ಲ ಎಂದರು ಆಕೆ. ನನಗೆ ಆವೇಶ ಬಂದುಬಿಟ್ಟಿತ್ತು. ಇದು ಧರ್ಮ ಯಾಕಾಗುತ್ತದೆ, ಇದು ಕುಲ್ತೂರ್, ನಿಮ್ಮ ಸಂಸ್ಕೃತಿ ಎಂದೆ. ನಾವೂ ನಗರಸಭೆಯ ಸಭಾಂಗಣದಲ್ಲಿ ಗಣೇಶನನ್ನು ಕೂರಿಸುವಾಗ ಸಾಂಸ್ಕೃತಿಕ ಕಾರ್ಯಕ್ರಮವೆಂದೇ ಅಲ್ಲವೇ ಜಾಗ ಕೇಳುವುದು ಎಂದೆ.

ಕುಲ್ತೂರ್ ಎಂಬ ಪದ ಕಿವಿಗೆ ಬಿದ್ದದ್ದೇ ಎಲ್ಲರ ಮುಖ ಅರಳಿತು. ಸಂಸ್ಕೃತಿಯಾದರೆ ಯಾರ ಅಡ್ಡಿಯೂ ಇಲ್ಲ. ಹತ್ತೇ ನಿಮಿಷದಲ್ಲಿ ತೀರ್ಮಾನವಾಯಿತು. ಚರ್ಚಿನಲ್ಲೇ ಆಗಲಿ, ಆರ್ಗನ್ ಇರಲಿ, ಸ್ತೋತ್ರ ಇರಲಿ. ಪ್ರಾರ್ಥನೆ ಮತ್ತು ಆಶೀರ್ವಾದ ಬೇಡ, ಪಾದ್ರಿ ರಜೆಯ ಶುಭಾಶಯ ಹೇಳಿದರೆ ಸಾಕು. ನಾನು ಗೆದ್ದಿದ್ದೆ. ಸೈಕಲ್ ತುಳಿದುಕೊಂಡು ಮನೆಗೆ ಹಾರಿಬಂದವಳು ನೇರ ಅಜ್ಜಿಯ ಬಾಗಿಲು ಬಡಿದೆ, ಈ ಸಲ ಫೋನ್ ಮಾಡದೆ ಹೋದವಳು ನಾನು.

ಅಜ್ಜಿ ಪೂರ್ತಿ ಕೇಳಿಸಿಕೊಂಡರು. ಡಬ್ಬಿಯಿಂದ ಗುಳಿಗೆ ತೆಗೆದು ಬಾಯಿಗೆ ಹಾಕಿಕೊಂಡರು. ಆಶೀರ್ವಾದ ಇಲ್ಲವೋ ಎಂದು ಮತ್ತೊಮ್ಮೆ ಕೇಳಿದರು. ಇಲ್ಲ ಎಂದೆ.

“ನಿನ್ನ ಆನೆಮುಖದ ದೇವರು, ಅವನೂ ಕುಲ್ತೂರೇ?”

ಗಣೇಶನ ದಿನ ತಲೆಗೆ ಸ್ನಾನ ಮಾಡಿ, ನೈವೇದ್ಯವಾಗುವವರೆಗೆ ನೀರೂ ಮುಟ್ಟದೆ ಕೂರುವವಳು ನಾನೇ. ಮಗಳಿಗೆ ಜ್ವರ ಏರಿದ ರಾತ್ರಿ ಅವನ ಮುಂದೆ ಅತ್ತವಳೂ ನಾನೇ. ಹಾಗಾದರೆ ಅವನು ನಿಜ ಅಲ್ಲವೇ ನಿನಗೆ ಎಂದು ಅಜ್ಜಿ ಕೇಳಿದರು. ನಿಜ ಎಂದೆ, ಮೆಲ್ಲಗೆ.

“ನನಗೂ ಹಾಗೇ” ಎಂದರು ಅಜ್ಜಿ. “ಚಂದದ ಕಟ್ಟಡವಷ್ಟೇ ಬೇಕಾಗಿದ್ದರೆ ಆಟದ ಹಾಲೇ ಸಾಕಿತ್ತು. ನಾನು ನುಡಿಸುವುದಿಲ್ಲ.”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಷ್ಟು ಒದ್ದಾಡಿ ಉಳಿಸಿಕೊಟ್ಟರೆ ಹೀಗಾ ಎಂದು ಕನ್ನಡದಲ್ಲೇ ಕೂಗಾಡಿದೆ. ಅವರು ಸ್ವೀಡಿಶ್‌ನಲ್ಲಿ ನನ್ನನ್ನು ಬೈದರು. ಬೇಡವೆನ್ನುವವರಿಂದ ಅಲ್ಲ, ನಿಮ್ಮಂಥವರ ಈ ಒಳ್ಳೆಯತನದಿಂದ ನನ್ನ ದೇವರು ಸಾಯುತ್ತಿದ್ದಾನೆ ಎಂಬ ಅರ್ಥದ ಏನೋ ಹೇಳಿದರು... ಪೂರ್ತಿ ತಿಳಿಯಲಿಲ್ಲ.

ಆ ದಿನ ಬಂತು. ಚರ್ಚಿನ ಬಾಗಿಲಿಗೆ ನಮ್ಮ ತಳಿರುತೋರಣದ ಹಾಗೆ ಬರ್ಚ್ ಮರದ ಎಳೆ ರೆಂಬೆಗಳನ್ನು ಕಟ್ಟಿದ್ದರು. ಸ್ತೋತ್ರಕ್ಕೆ ಶಾಲೆಯ ಸಿಡಿ ಪ್ಲೇಯರ್ ಬಂದಿತ್ತು. ಅಜ್ಜಿ ಬರುವುದಿಲ್ಲ ಎಂದುಕೊಂಡಿದ್ದೆ. ಬಂದಿದ್ದರು. ಕೊನೆಯ ಬೆಂಚಿನಲ್ಲಿ, ಕರಿ ಉಡುಪಿನಲ್ಲಿ, ಕೈಗಳನ್ನು ತೊಡೆಯ ಮೇಲಿಟ್ಟು ಕೂತಿದ್ದರು. ಪಾದ್ರಿ ಶುಭಾಶಯ ಹೇಳಿದರು, ಚಪ್ಪಾಳೆಯಾಯಿತು, ಮಕ್ಕಳು ಹೋ ಎಂದು ಬಿಸಿಲಿಗೆ ಓಡಿದರು. ಅಜ್ಜಿ ಏಳಲಿಲ್ಲ. ಇನ್ನೂ ಏನೋ ಬಾಕಿಯಿದೆ ಎಂಬಂತೆ ಮುಂದೆ ನೋಡುತ್ತಿದ್ದರು.

ನನಗೆ ಏನಾಯಿತೋ. ಹೋಗಿ ಬಗ್ಗಿ ಅವರ ಕಾಲು ಮುಟ್ಟಿದೆ. ನಾನೇನೋ ಬೀಳಿಸಿಕೊಂಡಿದ್ದೇನೆಂದು ಅವರು ಗಾಬರಿಯಿಂದ ಕಾಲು ಎಳೆದುಕೊಂಡರು. ನಮ್ಮಲ್ಲಿ ಹೀಗೆ ಬಗ್ಗಿದರೆ ಹಿರಿಯರು ಸುಮ್ಮನಿರುವಂತಿಲ್ಲ ಅಜ್ಜಿ, ಇವತ್ತು ಏನು ಬಿಟ್ಟುಹೋಯಿತೋ ಅದನ್ನು ಹೇಳಿ ಎಂದೆ. ಅವರು ನನ್ನನ್ನೇ ನೋಡಿದರು. ಆಮೇಲೆ ನನ್ನ ತಲೆಯ ಮೇಲೆ ಎರಡೂ ಕೈಯಿಟ್ಟು, ಒಂದಕ್ಷರ ಬಿಡದೆ ಇಡೀ ಆಶೀರ್ವಾದ ಹೇಳಿದರು. ದನಿ ಗಟ್ಟಿಯಾಗಿಯೇ ಇತ್ತು. ಸಿಡಿ ಪ್ಲೇಯರಿನ ವೈರು ಸುತ್ತುತ್ತಿದ್ದ ಮುಖ್ಯೋಪಾಧ್ಯಾಯಿನಿ ಅದು ಮುಗಿಯುವವರೆಗೂ ತಲೆಯೆತ್ತಲಿಲ್ಲ.

ಮರುವರ್ಷವೂ ಅಜ್ಜಿ ನುಡಿಸಲಿಲ್ಲ. ನಾವು ಸೋಲ್ನಾಕ್ಕೆ ಬಂದ ಮೇಲೂ ಫೋನಿನಲ್ಲಿ ವಾದ ಮುಂದುವರಿಯಿತು. ಮದುವೆಯ ಕಾನೂನು ಬದಲಾದಾಗ ಒಂದು ಸಂಜೆಯಿಡೀ ಹೊಡೆದಾಡಿಕೊಂಡೆವು, ಇಬ್ಬರೂ ಸೋಲಲಿಲ್ಲ. ಆಮೇಲೊಂದು ಚಳಿಗಾಲ ಅವರು ಫೋನ್ ಎತ್ತಲಿಲ್ಲ... ನನಗೆ ಸುದ್ದಿ ತಿಳಿಯುವ ಹೊತ್ತಿಗೆ ಮಣ್ಣೂ ಮುಗಿದುಹೋಗಿತ್ತು. ಮನೆಯವರು ಯಾರಾದರೂ ಹೋದರೆ ಅಳುವ ಹಾಗೆ ಅತ್ತೆ.

ಈ ಊರಿನಲ್ಲಿ ನನಗೇನೂ ಕಡಿಮೆಯಿಲ್ಲ. ಎಲ್ಲರೂ ನನ್ನನ್ನು ಗೌರವಿಸುತ್ತಾರೆ, ನನ್ನ ಹಬ್ಬಗಳನ್ನೂ ಗೌರವಿಸುತ್ತಾರೆ, ಗಣೇಶ ಎಷ್ಟು ಮುದ್ದಾಗಿದ್ದಾನೆ ಎನ್ನುತ್ತಾರೆ. ಅವನು ನಿನಗೆ ನಿಜವೇ ಎಂದು ಎದುರಿಗೆ ನಿಂತು ಕೇಳಿದವರು ಆರ್ಗನ್ ಅಜ್ಜಿಯೊಬ್ಬರೇ. ಹಾಗೆ ಕೇಳುವವರು ಈಗ ಯಾರೂ ಇಲ್ಲ.