ಹೆಂಗಸರ ಮಾಳಿಗೆಯಿಂದ ಬಂದ ದನಿ

ಅಶರೀರವಾಣಿ ಕೇಳಿಸಿತು ಎನ್ನುವವರನ್ನು ಕಂಡರೆ ನನಗೆ ಒಳಗೊಳಗೇ ನಗು ಬರುತ್ತಿತ್ತು. ಹಳೆಯ ಗೋಡೆಗಳ ಬಣ್ಣವನ್ನು ಪದರು ಪದರಾಗಿ ಬಿಡಿಸಿ, ಅಡಿಯಲ್ಲಿ ಚಿತ್ರವಿದ್ದರೆ ಉಳಿಸುವುದು ನನ್ನ ಕೆಲಸ. ಕಣ್ಣಿಗೆ ಕಂಡದ್ದನ್ನಷ್ಟೇ ವರದಿಯಲ್ಲಿ ಬರೆಯಬೇಕು. ಈಗ ಹೇಳಹೊರಟಿರುವುದನ್ನು ನಾನು ಯಾವ ವರದಿಯಲ್ಲೂ ಬರೆದಿಲ್ಲ. ನೀವು ನಂಬಲೇಬೇಕೆಂಬ ಹಟವೂ ನನಗಿಲ್ಲ.

ಲಂಡನ್ನಿನಲ್ಲಿ ಒಲಿಂಪಿಕ್ಸ್ ಮುಗಿದು ಎರಡು ವರ್ಷವಾಗಿತ್ತು. ಪೂರ್ವ ಲಂಡನ್ನಿನ ಒಂದು ಗಲ್ಲಿಯಲ್ಲಿದ್ದ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ದಶಕಗಳ ಕಾಲ ಬಟ್ಟೆಯ ಗೋದಾಮಾಗಿತ್ತು. ಆ ಬೀದಿಗಳಿಗೆ ಮರಳಿ ಬಂದಿದ್ದ ಕೆಲವು ಕುಟುಂಬಗಳು ಅದನ್ನು ಮತ್ತೆ ಪ್ರಾರ್ಥನೆಗೆ ಸಿದ್ಧಪಡಿಸುತ್ತಿದ್ದವು.

ಎಂಬತ್ತು ದಾಟಿದ ರೂತ್ ಪ್ರತಿ ಶುಕ್ರವಾರ ಬಂದು ಕೂರುತ್ತಿದ್ದರು. ಪೋಲೆಂಡಿನಿಂದ ಬಂದ ಅವರ ತಂದೆ ಬಣ್ಣದ ಕೆಲಸದವರು. ಮಗಳಿಗೆಂದೇ ಈ ಮಂದಿರದ ಒಂದು ಗೋಡೆಯ ಮೇಲೆ ದಾಳಿಂಬೆಯ ಟೊಂಗೆಯೊಂದನ್ನು ಬರೆದಿದ್ದರಂತೆ. ಅದನ್ನು ಕಂಡ ನೆನಪು ಬೇರೆ ಯಾರಿಗೂ ಇರಲಿಲ್ಲ. ನಾನು ಆರು ಕಡೆ ಕೆರೆದು ನೋಡಿದೆ. ಸುಣ್ಣ ಬಿಟ್ಟು ಏನೂ ಸಿಗಲಿಲ್ಲ. ತೇವ ಹಿಡಿದಿದ್ದ ಆ ಗೋಡೆಯ ಗಾರೆಯನ್ನು ಸೋಮವಾರ ಪೂರ್ತಿ ಕೆಡವುವುದೆಂದು ತೀರ್ಮಾನವಾಯಿತು.

"ನೀನೇನು ಮಾಡ್ತೀಯ, ಪಾಪ," ಎಂದರು ರೂತ್ ಆ ಶುಕ್ರವಾರ. "ನೆನಪು ನನ್ನೊಬ್ಬಳದೇ ಆದ್ರೆ ಅದು ಸುಳ್ಳೇ ಇರ್ಬೇಕು."

ಸೂರ್ಯ ಮುಳುಗುವ ಮೊದಲು ಮನೆಯಲ್ಲಿ ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ದೀಪ ಹಚ್ಚಬೇಕೆಂದು ಅವರು ಬೇಗ ಹೊರಟರು. ಅಷ್ಟರೊಳಗೆ ನಮ್ಮ ಕೆಲಸವೂ ನಿಲ್ಲಬೇಕಿತ್ತು. ಡಿಸೆಂಬರಿನಲ್ಲಿ ನಾಲ್ಕಕ್ಕೆ ಮುಂಚೆಯೇ ಕತ್ತಲು. ಮೇಸ್ತ್ರಿ ಪ್ಯಾಟ್ರಿಕ್, "ಹತ್ತೇ ನಿಮಿಷ, ಬೀಗ ಹಾಕ್ಬೇಕು," ಎಂದು ಹೊರಗೆ ಹೋದ. ನಾನೊಬ್ಬಳೇ ಉಳಿದೆ.

ಕಿಟಕಿಯಿಂದ ಬರುತ್ತಿದ್ದ ಬೆಳಕು ನೀರು ಬೆರೆಸಿದ ಹಾಲಿನಂತಿತ್ತು. ಸುಣ್ಣದ ಧೂಳು ಕೆಳಗಿಳಿಯದೆ ಗಾಳಿಯಲ್ಲೇ ನಿಂತಂತಿತ್ತು. ನನ್ನ ಬೆನ್ನ ಹಿಂದೆ, ಮೇಲಿನಿಂದ ಗುಸುಗುಸು ಕೇಳಿಸಿತು. ಮುಹೂರ್ತಕ್ಕೆ ಮುಂಚೆ ಹೆಂಗಸರು ಒಟ್ಟಿಗೆ ಕೂತಾಗ ಏಳುವಂಥ ಸದ್ದು. ಸೀರೆಯೋ ಲಂಗವೋ ಸರಿದಂತೆ, ಯಾರೋ ಮೆಲ್ಲಗೆ ಕೆಮ್ಮಿದಂತೆ. ನನಗೆ ಭಯವಾಗಲಿಲ್ಲ, ನಿದ್ದೆಯ ಅಂಚಿನಲ್ಲಿರುವ ಹಾಗೆ ಹಿತವೆನಿಸಿತು. ಆಮೇಲೆ ಒಂದು ದನಿ ಸ್ಪಷ್ಟವಾಗಿ ಹೇಳಿತು: ಕೆಳಗೆ. ಇನ್ನೂ ಕೆಳಗೆ.

ನಾನು ಮಂಡಿಯೂರಿದೆ. ಕೈ ತಾನಾಗಿಯೇ ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ ನಿಂತಿತು. ನಾಲ್ಕು ಸಲ ಕೆರೆಯುವಷ್ಟರಲ್ಲಿ ಕೆಂಪು ಕಾಣಿಸಿತು. ಅದರ ಪಕ್ಕದಲ್ಲಿ ಹಸಿರು ಎಲೆಯ ತುದಿ. ನಾನು ದೊಡ್ಡವರ ಕಣ್ಣಿನ ಎತ್ತರದಲ್ಲಿ ಹುಡುಕಿದ್ದೆ. ಅಪ್ಪ ಅದನ್ನು ಬರೆದದ್ದು ಮಗುವಿಗಾಗಿ.

ಥ್ಯಾಂಕ್ಸ್ ಹೇಳಲು ತಿರುಗಿದೆ. ಮೇಲೆ ಹೆಂಗಸರು ಕೂರುವ ಮಾಳಿಗೆ ಖಾಲಿಯಿತ್ತು. ಹುಳ ಹಿಡಿದ ಅದರ ಮೆಟ್ಟಿಲನ್ನು ಆ ವಾರವಷ್ಟೇ ಕಿತ್ತು, ಬಾಗಿಲಿಗೆ ಹಲಗೆ ಹೊಡೆದಿದ್ದರು. ಪ್ಯಾಟ್ರಿಕ್‌ನನ್ನು ಕರೆದು ಏಣಿ ಹಾಕಿಸಿ ನೋಡಿದೆ. ಧೂಳಿನ ಮೇಲೆ ಒಂದು ಹೆಜ್ಜೆ ಗುರುತೂ ಇರಲಿಲ್ಲ.

ಹೌನ್ಸ್ಲೋದ ಮನೆ ತಲುಪಿ ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು ಕುಂದಾಪುರದವರು. "ಮಧ್ಯಾಹ್ನ ಉಣ್ದೆ ಕೆಲ್ಸ ಮಾಡ್ರೆ ಹಾಂಗೇ ಆತ್ತ್ ಮಾರಾಯ್ತಿ," ಎಂದು ಅನ್ನ ಬಡಿಸಿದರು. ನಿಜ, ಅಂದು ನಾನು ಉಂಡಿರಲಿಲ್ಲ. ಮಕ್ಕಳ ಎತ್ತರದ ವಿಚಾರ ನನಗೇ ಹೊಳೆದಿರಲೂಬಹುದು.

ಭಾನುವಾರ ರೂತ್ ಬಂದರು. ನನ್ನ ತೋಳು ಹಿಡಿದು ನಿಧಾನವಾಗಿ ನೆಲದ ಮೇಲೆ ಕೂತರು. ಬೆರಳನ್ನು ಹಣ್ಣಿನ ಹತ್ತಿರ ಒಯ್ದರು, ಮುಟ್ಟಲಿಲ್ಲ. ಗೋಡೆ ಉಳಿಯುತ್ತದೆ ಎಂದೆ. ಅವರು ಕೇಳಿದರು: "ಇಷ್ಟು ಕೆಳಗೆ ನೋಡು ಅಂತ ಯಾರು ಹೇಳಿದ್ರು?"

ನಡೆದದ್ದನ್ನು ಹೇಳಿದೆ. ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ಯಾವ ಭಾಷೇಲಿ ಹೇಳಿದ್ಲು?"

ಅದು ಕನ್ನಡವಾಗಿರಲಿಲ್ಲ. ಇಂಗ್ಲಿಷೂ ಆಗಿರಲಿಲ್ಲ.

"ನಮ್ಮಮ್ಮ ಆ ಮಾಳಿಗೇಲೇ ಕೂರ್ತಿದ್ಲು," ಎಂದರು ರೂತ್. "ಅವಳಿಗೆ ಇಂಗ್ಲಿಷ್ ಬರ್ತಿರ್ಲಿಲ್ಲ."

ಮಾಳಿಗೆಯಿಂದ ಕೇಳಿದ ಆ ಎರಡು ಮಾತುಗಳನ್ನು ಈಗಲೂ ಒಮ್ಮೊಮ್ಮೆ ನೆನಪಿಸಿಕೊಳ್ಳಲು ಯತ್ನಿಸುತ್ತೇನೆ. ಅರ್ಥ ಬರುತ್ತದೆ. ಶಬ್ದ ಬರುವುದಿಲ್ಲ.